ಷಡ್ಡಕರ ಗಾಲ್ಫೂ ಉಸ್ತಾದರ ಲೇತೂ

ಬಾಲಾನಗರದಲ್ಲಿ ಏನನ್ನಾದರೂ ತಿರುಗಿಸದೆ ಅನ್ನ ತಿನ್ನುವವರು ಕಡಿಮೆ. ಹೈದರಾಬಾದಿನ ಈ ಮೂಲೆಯಲ್ಲಿ ಬೆಳಗಾಯಿತೆಂದರೆ ಲೇತಿನ ಚಕ್ಕು ತಿರುಗುತ್ತದೆ, ಡ್ರಿಲ್ಲಿನ ಬಿಟ್ಟು ತಿರುಗುತ್ತದೆ, ಗ್ರೈಂಡಿಂಗ್ ವ್ಹೀಲು ತಿರುಗುತ್ತದೆ. ಎಚ್‌ಎಎಲ್‌ನವರು 1965ರಲ್ಲಿ ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳನ್ನು ಮಾಡಲು ಇಲ್ಲಿ ಬಂದು ಕೂತರು. 1968ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಬಂತು. 1970ರಲ್ಲಿ ಶುರುವಾದ ಎಂಟಾರ್ ಕಂಪನಿ ಇಂದು ಇಸ್ರೋದ ರಾಕೆಟ್ ಎಂಜಿನ್ನುಗಳ ಭಾಗಗಳನ್ನು ಕಡೆಯುತ್ತದೆ. ಪಕ್ಕದಲ್ಲೇ ಐಡಿಪಿಎಲ್ ಎಂಬ ಸರ್ಕಾರಿ ಔಷಧಿ ಕಾರ್ಖಾನೆ ಇತ್ತು. ಡಾ. ರೆಡ್ಡೀಸ್ ಕಟ್ಟಿದ ಅಂಜಿ ರೆಡ್ಡಿಯವರು ಮೊದಲು ನೌಕರಿ ಮಾಡಿದ್ದು ಅಲ್ಲೇ. ಔಷಧಿಯ ಹರಳನ್ನು ದ್ರಾವಣದಿಂದ ಬೇರ್ಪಡಿಸುವುದಕ್ಕೂ ಸೆಂಟ್ರಿಫ್ಯೂಜಿನ ಬುಟ್ಟಿ ಗಿರ್ರನೆ ತಿರುಗಲೇಬೇಕು. ಒಟ್ಟಿನಲ್ಲಿ ಇಲ್ಲಿ ಬಹಳ ದಿನ ತಿರುಗದೆ ನಿಂತಿದ್ದದ್ದು ನರಸಾಪುರ ಕ್ರಾಸಿನ ಟ್ರಾಫಿಕ್ ಒಂದೇ. 2021ರಲ್ಲಿ ಫ್ಲೈಓವರ್ ಆದ ಮೇಲೆ ಅದೂ ಅಷ್ಟಿಷ್ಟು ತಿರುಗುತ್ತಿದೆ.

ಇಂಥ ಊರಿಗೆ ಬೆಂಗಳೂರಿನಿಂದ ನಮ್ಮ ಷಡ್ಡಕರು ಗಾಲ್ಫ್ ಚೀಲ ಹೊತ್ತುಕೊಂಡು ಬಂದರು. ಷಡ್ಡಕರು ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ನಿವೃತ್ತರಾದ ಮೇಲೆ ಕೆಲವರು ಉಪನಿಷತ್ತು ಓದುತ್ತಾರೆ, ಕೆಲವರು ಅಪಾರ್ಟ್‌ಮೆಂಟಿನ ಸೆಕ್ರೆಟರಿಯಾಗುತ್ತಾರೆ. ಇವರು ಎರಡನ್ನೂ ಬಿಟ್ಟು ಗಾಲ್ಫ್ ಹಿಡಿದರು. ಬೆಂಗಳೂರಿಗೆ ಗಾಲ್ಫೇನೂ ಹೊಸದಲ್ಲ. ಹೈಗ್ರೌಂಡ್ಸಿನ ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದು, ಅಂದರೆ ನಮ್ಮ ಷಡ್ಡಕರ ಅಜ್ಜನಿಗಿಂತಲೂ ಹಿರಿದು. ಅಜ್ಜ ಬೇಲಿಯ ಆಚೆ ನಿಂತು ನೋಡಿರಬಹುದು. ಮೊಮ್ಮಗ ಒಳಗೆ ಹೋದರು. ನಡುವಿನ ಕಾಲವನ್ನೇ ನಾವು ಪ್ರಗತಿ ಎನ್ನುವುದು.

ಕಾಚಿಗುಡದಲ್ಲಿ ರೈಲು ಇಳಿದು, ಮೆಟ್ರೋದಲ್ಲಿ ಬಾಲಾನಗರದವರೆಗೆ ಬರುವಷ್ಟರಲ್ಲಿ ಆ ಚೀಲದ ಬಗ್ಗೆ ಜನರಿಗೆ ನಾನಾ ಅನುಮಾನ. ಆಟೋದವನು, ಸಾಬ್ ಮೀನು ಹಿಡಿಯಲು ಹುಸೇನ್‌ಸಾಗರಕ್ಕೆ ಹೋಗುತ್ತೀರಾ ಎಂದು ಕೇಳಿದನಂತೆ. ಮನೆಗೆ ಬಂದವರೇ ಕಾಫಿಗೂ ಮುಂಚೆ ನನ್ನ ಮುಂದೆ ಸಮಸ್ಯೆ ಇಟ್ಟರು.

“ಮೇಷ್ಟ್ರೇ, ನೀವು ಮೆಕ್ಯಾನಿಕ್ಸ್ ಪಾಠ ಮಾಡಿದವರು. ನಾನು ಎಷ್ಟು ಜೋರಾಗಿ ಹೊಡೆಯುತ್ತೇನೋ ಚೆಂಡು ಅಷ್ಟು ಹತ್ತಿರ ಬೀಳುತ್ತದೆ. ಇದು ಯಾವ ನ್ಯೂಟನ್ನಿನ ನಿಯಮ?”

ಪಾಲಿಟೆಕ್ನಿಕ್ಕಿನಲ್ಲಿ ಅಪ್ಲೈಡ್ ಮೆಕ್ಯಾನಿಕ್ಸ್ ಪಾಠ ಮಾಡಿ ನಿವೃತ್ತನಾದವನಿಗೆ ಇಂಥ ಪ್ರಶ್ನೆ ಕೇಳುವವರು ಸಿಗುವುದು ಅಪರೂಪ. ವಿದ್ಯಾರ್ಥಿಗಳು ಕೇಳುತ್ತಿದ್ದುದು ಪರೀಕ್ಷೆಗೆ ಯಾವ ಅಧ್ಯಾಯ ಬರುತ್ತದೆ ಎಂದು ಮಾತ್ರ. ನಾನು ಲಗುಬಗೆಯಿಂದ ಮದುವೆಯ ಕರೆಯೋಲೆಯೊಂದರ ಬೆನ್ನ ಮೇಲೆ ಚಿತ್ರ ಬರೆಯಲು ಕೂತೆ.

ಆದರೆ ಮೊದಲು ನೋಡಬೇಕಲ್ಲ. ಷಡ್ಡಕರ ಹಳೆಯ ಸಹೋದ್ಯೋಗಿಯೊಬ್ಬರು ನಮ್ಮನ್ನು ಗೋಲ್ಕೊಂಡದ ನಯಾ ಕಿಲಾದ ಮೈದಾನಕ್ಕೆ ಅತಿಥಿಗಳಾಗಿ ಕರೆದುಕೊಂಡು ಹೋದರು. ಕುತುಬ್‌ಶಾಹಿಗಳು ಮೊಘಲರಿಗೆ ಹೆದರಿ ಕೋಟೆಗೆ ಸೇರಿಸಿ ಕಟ್ಟಿಸಿದ ಭಾಗ ಅದು. ಫಿರಂಗಿ ಗುಂಡುಗಳು ಬೀಳಬಾರದೆಂದು ಕಟ್ಟಿಸಿದ ಗೋಡೆಯ ಒಳಗೆ ಈಗ ಬಿಳಿಯ ಗುಂಡುಗಳು ಬೀಳುತ್ತವೆ. ಅಲ್ಲೇ ‘ಹಾಥಿಯಾನ್ ಕಾ ಝಾಡ್’ ಎಂಬ ಆಫ್ರಿಕಾ ಮೂಲದ ದೈತ್ಯ ಬಾವೊಬಾಬ್ ಮರ. ಅದರ ಬುಡದ ಸುತ್ತಳತೆಯೇ ಸುಮಾರು 27 ಮೀಟರ್. ನಾನು ಚೆಂಡಿಗಿಂತ ಅದನ್ನೇ ಹೆಚ್ಚು ಹೊತ್ತು ನೋಡಿದೆ ಎಂದು ಷಡ್ಡಕರಿಗೆ ಸ್ವಲ್ಪ ಬೇಸರ.

ಅವರ ಹೊಡೆತವನ್ನೂ ನೋಡಿದೆ. ಬ್ಯಾಂಕಿನ ಲೆಡ್ಜರನ್ನು ಮುಚ್ಚುವವರಂತೆ ಮೈಯನ್ನೆಲ್ಲ ಒಂದೇ ಸಲ ತಿರುಗಿಸುತ್ತಿದ್ದರು. ಸೊಂಟ, ಹೆಗಲು, ತೋಳು, ಮಣಿಕಟ್ಟು, ಕೋಲು ಎಲ್ಲವೂ ಒಟ್ಟಿಗೆ ಹೊರಟು ಒಟ್ಟಿಗೆ ತಲುಪುತ್ತಿದ್ದವು. ಸರ್ಕಾರಿ ನಿಯೋಗದ ಹಾಗೆ, ಒಬ್ಬರನ್ನೊಬ್ಬರು ಬಿಟ್ಟು ಕದಲುವಂತಿಲ್ಲ.

ಚೆನ್ನಾಗಿ ಹೊಡೆಯುವವರಲ್ಲಿ ಆಗುವುದೇ ಬೇರೆ. ಎರಡು ಕೋಲುಗಳನ್ನು ಒಂದು ಕೀಲಿನಿಂದ ಜೋಡಿಸಿ ತೂಗುಬಿಟ್ಟರೆ ಜೋಡಿ ಲೋಲಕ ಎನ್ನುತ್ತೇವೆ. ಮೇಲಿನ ಕೋಲು ಆಟಗಾರನ ತೋಳು, ಕೆಳಗಿನದು ಗಾಲ್ಫ್ ಕ್ಲಬ್ಬು, ಕೀಲು ಮಣಿಕಟ್ಟು. ಬ್ರಿಟನ್ನಿನ ಕಾಕ್ರನ್ ಮತ್ತು ಸ್ಟಾಬ್ಸ್ 1968ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಗಾಲ್ಫ್ ಹೊಡೆತವನ್ನು ಹೀಗೆಯೇ ಬಿಡಿಸಿದರು. ಆಮೇಲೆ ಅಮೆರಿಕದ ಭೌತವಿಜ್ಞಾನಿ ಥಿಯೊಡೋರ್ ಜಾರ್ಗೆನ್ಸನ್ ಸಮೀಕರಣಗಳ ಸಮೇತ ಇನ್ನೊಂದು ಪುಸ್ತಕ ಬರೆದರು. ಅವರ ಮಾತಿನ ಸಾರ ಇಷ್ಟು: ಮೇಲಿಂದ ಕೆಳಗೆ ಬರುವಾಗ ಮೊದಲರ್ಧದಲ್ಲಿ ಮಣಿಕಟ್ಟು ಮಡಿಚಿಯೇ ಇರಬೇಕು. ಮಡಿಚಿದ್ದರೆ ಕ್ಲಬ್ಬಿನ ತಲೆ ಮೈಗೆ ಹತ್ತಿರ ಇರುತ್ತದೆ, ತಿರುಗಿಸಲು ಹಗುರ, ತೋಳು ಬೇಗ ವೇಗ ಪಡೆಯುತ್ತದೆ. ವೇಗ ಏರಿದಂತೆ ಕ್ಲಬ್ಬು ತಾನಾಗಿ ಹೊರಕ್ಕೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳುವಾಗ ಅದು ತೋಳನ್ನು ಹಿಂದಕ್ಕೆ ಜಗ್ಗಿ ನಿಧಾನ ಮಾಡುತ್ತದೆ, ತೋಳಿನಲ್ಲಿದ್ದ ಶಕ್ತಿಯನ್ನು ತಾನು ಕಸಿದುಕೊಂಡು ತುದಿಗೆ ಸಾಗಿಸುತ್ತದೆ. ಚೆಂಡು ಮುಟ್ಟುವ ಹೊತ್ತಿಗೆ ಆಟಗಾರನ ಕೈ ತನ್ನ ಗರಿಷ್ಠ ವೇಗವನ್ನು ಕಳೆದುಕೊಂಡಾಗಿರುತ್ತದೆ. ಸೊಂಟ ಅದಕ್ಕೂ ಮೊದಲೇ ನಿಧಾನವಾಗಿರುತ್ತದೆ. ಅಂದರೆ ಬುಡದವರು ಒಬ್ಬೊಬ್ಬರಾಗಿ ಬ್ರೇಕು ಹಾಕಿದರೆ ಮಾತ್ರ ತುದಿ ಓಡುತ್ತದೆ.

“ಅಂದರೆ ನಿಧಾನ ಮಾಡಿದರೆ ವೇಗ ಬರುತ್ತದೆ ಅನ್ನುತ್ತೀರಿ,” ಎಂದರು ಷಡ್ಡಕರು, ಸಾಲಕ್ಕೆ ಬಂದವನ ಕಾಗದಪತ್ರ ನೋಡುವ ದೃಷ್ಟಿಯಲ್ಲಿ.

ಅವರಿಗೆ ಅಗಸರ ಕಲ್ಲನ್ನು ನೆನಪಿಸಿದೆ. ಇಬ್ಬರೂ ಹಳ್ಳದ ದಂಡೆಯಲ್ಲಿ ಬೆಳೆದವರೇ. ಒದ್ದೆ ಪಂಚೆಯನ್ನು ಹೆಗಲ ಹಿಂದಕ್ಕೆ ಎಸೆದು, ಮುಷ್ಟಿಯನ್ನು ಕೆಳಗೆ ತಂದು, ಹೊಟ್ಟೆಯ ಹತ್ತಿರ ಅಗಸ ಗಕ್ಕನೆ ತಡೆಯುತ್ತಿದ್ದ. ಮುಷ್ಟಿ ನಿಂತಿತು, ಪಂಚೆಯ ತುದಿ ಮಾತ್ರ ಬೆನ್ನ ಹಿಂದಿನಿಂದ ಬೀಸಿ ಬಂದು ಕಲ್ಲಿನ ಮೇಲೆ ಛಟೀರ್ ಎನ್ನುತ್ತಿತ್ತು. ದಂಡೆಯಲ್ಲಿ ಕೂತ ನಮಗೆ ಸದ್ದು ಕೇಳುವಷ್ಟರಲ್ಲಿ ಅವನು ಮುಂದಿನ ಏಟಿಗೆ ಕೈ ಎತ್ತಿರುತ್ತಿದ್ದ. ಮುಷ್ಟಿಯನ್ನು ಕಲ್ಲಿನವರೆಗೂ ಜೋರಾಗಿ ಒಯ್ದಿದ್ದರೆ ಕೈಗೆ ಪೆಟ್ಟು, ಪಂಚೆಗೆ ಕೊಳೆ, ಎರಡೂ ಉಳಿಯುತ್ತಿದ್ದವು. ಷಡ್ಡಕರು ಒಪ್ಪಿದರು. ಆದರೆ ಕ್ಲಬ್ಬಿನ ಬಾರಿನಲ್ಲಿ ಕೂತು ಇದನ್ನು ಯಾರಿಗೂ ಹೇಳುವಂತಿಲ್ಲ ಎಂಬುದು ಅವರ ತೊಡಕು. ಜೋಡಿ ಲೋಲಕ ಎಂದೇ ಹೇಳಿ ಎಂದೆ.

ಮಾರನೆಯ ದಿನ ಅವರನ್ನು ನಮ್ಮ ಬೀದಿಯ ಉಸ್ತಾದರ ಶೆಡ್ಡಿಗೆ ಕರೆದುಕೊಂಡು ಹೋದೆ. ಬಾಲಾನಗರದಲ್ಲಿ ಲೇತಿನ ಹಿರಿಯ ಕೆಲಸಗಾರನಿಗೆ ಉಸ್ತಾದ್ ಎಂಬುದೇ ಹೆಸರು, ಉಳಿದ ಹೆಸರು ಆಧಾರ್ ಕಾರ್ಡಿಗೆ. ನನ್ನ ವಿದ್ಯಾರ್ಥಿಗಳಿಗೆ ನಾನು ಮೂರು ವರ್ಷ ಹೇಳಿದ್ದನ್ನು ಇವರು ಮೂರು ತಿಂಗಳಲ್ಲಿ ಬೈದು ಕಲಿಸಿದ್ದಾರೆ. ತಿರುಗುವ ಬಲದ ಬಗ್ಗೆ ನಮ್ಮಿಬ್ಬರಿಗೆ ಹಳೆಯ ಜಗಳವಿದೆ. ಕೇಂದ್ರಾಪಗಾಮಿ ಬಲ ಎಂದು ಹೊರಗೆ ತಳ್ಳುವ ಶಕ್ತಿ ನಿಜವಾಗಿ ಯಾವುದೂ ಇಲ್ಲ, ತಿರುಗುವ ವಸ್ತುವಿಗೆ ನೇರ ಹೋಗುವ ಆಸೆ, ಅದನ್ನು ಕ್ಷಣಕ್ಷಣಕ್ಕೂ ಒಳಕ್ಕೆ ಎಳೆಯುವ ಕೇಂದ್ರಾಭಿಮುಖ ಬಲ ಒಂದೇ ನಿಜ ಎಂಬುದು ನನ್ನ ಪಾಠ. ಉಸ್ತಾದರು ಅದಕ್ಕೆ ಉತ್ತರವಾಗಿ ಶೆಡ್ಡಿನ ತಗಡಿನ ಚಾವಣಿಯಲ್ಲಿರುವ ತಗ್ಗನ್ನು ತೋರಿಸುತ್ತಾರೆ. ಯಾವನೋ ಹೊಸ ಹುಡುಗ ಚಕ್ಕು ಬಿಗಿಯುವ ಕೀಯನ್ನು ಅದರಲ್ಲೇ ಮರೆತು ಸ್ವಿಚ್ ಹಾಕಿದ್ದನಂತೆ.

“ಆಪ್ ಬೋಲ್ತೇ ನಹೀ ಹೈ. ಫಿರ್ ಯೇ ಕೌನ್ ಮಾರಾ ಸಾಬ್?”

ನಾನೂ ಬಿಡುವುದಿಲ್ಲ. ಚಕ್ಕಿನ ಹಿಂಬದಿ ಮೇಲಕ್ಕೆ ಏರುತ್ತದೆ. ಕೀ ಅಲ್ಲಿ ಬಿಟ್ಟುಕೊಂಡಿದೆ, ಆ ಕ್ಷಣದಲ್ಲಿ ತಾನು ಹೋಗುತ್ತಿದ್ದ ದಿಕ್ಕಿನಲ್ಲೇ ನೆಟ್ಟಗೆ ಹೋಗಿ ತಗಡಿಗೆ ಬಡಿದಿದೆ. ಯಾರೋ ಹೊರಕ್ಕೆ ತಳ್ಳಿದ್ದರೆ ಹಿಂದಿನ ಗೋಡೆಗೆ ಬಡಿಯಬೇಕಿತ್ತು. ಉಸ್ತಾದರು ಗೋಡೆ, ಚಾವಣಿ ಎರಡನ್ನೂ ನೋಡಿ, ತಗಡಿನ ರಿಪೇರಿ ಖರ್ಚು ಎರಡು ಸಿದ್ಧಾಂತದಲ್ಲೂ ಒಂದೇ ಎನ್ನುತ್ತಾರೆ.

ಗಾಲ್ಫಿನಲ್ಲಿ ಈ ಒಳಸೆಳೆತದ ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಡ್ರೈವರ್ ಎಂಬ ಉದ್ದ ಕ್ಲಬ್ಬಿನ ತಲೆ ಸುಮಾರು 200 ಗ್ರಾಂ. ವೃತ್ತಿಪರ ಆಟಗಾರನ ಕೈಯಲ್ಲಿ ಅದು ಸೆಕೆಂಡಿಗೆ 50 ಮೀಟರ್ ಆಸುಪಾಸು ಓಡುತ್ತದೆ. ತಿರುಗುವ ತ್ರಿಜ್ಯ ಒಂದೂವರೆ ಮೀಟರ್ ಎಂದು ಹಿಡಿದರೆ ಕೈಗಳು ಅದನ್ನು ಸುಮಾರು 34 ಕೆ.ಜಿ. ತೂಕದಷ್ಟು ಬಲದಿಂದ ಒಳಕ್ಕೆ ಎಳೆಯುತ್ತಿರಬೇಕು. ಕರೆಯೋಲೆಯ ಮೇಲೆ ನಮ್ಮ ಷಡ್ಡಕರಿಗೆ ಉದಾರವಾಗಿ 35 ಮೀಟರ್ ವೇಗ ಕೊಟ್ಟೆ. ಬಲ 17 ಕೆ.ಜಿ.ಗೆ ಇಳಿಯಿತು. ವೇಗ ಮುಕ್ಕಾಲಿನ ಹತ್ತಿರ ಇದ್ದರೂ ಬಲ ಅರ್ಧಕ್ಕೆ ಬಂತು, ಏಕೆಂದರೆ ಅದು ವೇಗದ ವರ್ಗದ ಜೊತೆ ಏರುತ್ತದೆ. ಈ ವರ್ಗದ ವಿಷಯ ಉಸ್ತಾದರಿಗೆ ಯಾವ ಕರೆಯೋಲೆಯೂ ಇಲ್ಲದೆ ಗೊತ್ತು. ಗ್ರೈಂಡಿಂಗ್ ವ್ಹೀಲ್ ಹಾಕುವ ಮುಂಚೆ ಅದನ್ನು ಬೆರಳಿನ ಮೇಲೆ ತೂಗಿಹಾಕಿ ಮರದ ಹಿಡಿಯಿಂದ ತಟ್ಟಿ ಕಿವಿಗೊಡುತ್ತಾರೆ. ಖಣ್ ಎಂದರೆ ಸರಿ, ದಬ್ ಎಂದರೆ ಒಳಗೆ ಬಿರುಕು, ತಿಪ್ಪೆಗೆ. ಅದರ ಮೇಲೆ ಬರೆದ ಆರ್‌ಪಿಎಂ ಮೀರಿಸುವುದಿಲ್ಲ. ಸ್ವಿಚ್ ಹಾಕುವಾಗ ಎದುರಿಗೆ ನಿಲ್ಲುವುದಿಲ್ಲ. ವೇಗ ಇಮ್ಮಡಿಯಾದರೆ ಕಲ್ಲನ್ನು ಸೀಳುವ ಬಲ ನಾಲ್ಮಡಿ ಎಂಬ ಸೂತ್ರ ಅವರ ಎರಡು ಹೆಜ್ಜೆ ಪಕ್ಕಕ್ಕೆ ಸರಿಯುವುದರಲ್ಲಿದೆ.

ಷಡ್ಡಕರ ಡ್ರೈವರನ್ನು ಉಸ್ತಾದರು ಕೈಗೆ ತೆಗೆದುಕೊಂಡು, ಒಂದು ಕಣ್ಣು ಮುಚ್ಚಿ ದಂಡದ ಉದ್ದಕ್ಕೂ ನೋಡಿದರು. ಮುಖ ಸಪ್ಪಗಾಯಿತು. ದಂಡ ತಲೆಯ ಒಂದು ಮೂಲೆಗೆ ಸೇರಿದೆ, ತೂಕವೆಲ್ಲ ಇನ್ನೊಂದು ಕಡೆ. ಅವರ ಶೆಡ್ಡಿನಲ್ಲಿ ಫೇಸ್‌ಪ್ಲೇಟಿಗೆ ಸೊಟ್ಟ ಜಾಬ್ ಕಟ್ಟಿದರೆ ಎದುರು ಬದಿಗೆ ತೂಕದ ತುಂಡೊಂದನ್ನು ಬೋಲ್ಟು ಹಾಕಿ ಸಮ ಮಾಡದೆ ಮೋಟಾರ್ ಶುರು ಮಾಡುವುದಿಲ್ಲ, ಮಾಡಿದರೆ ಲೇತು ಬುಡಸಮೇತ ಕುಣಿಯುತ್ತದೆ. “ಬ್ಯಾಲೆನ್ಸ್ ಇಚ್ ನಹೀ ಹೈ ಸಾಬ್,” ಎಂದರು, ದುಬಾರಿ ಬೆಲೆ ಕೇಳಿದ ಮೇಲೆ ಇನ್ನಷ್ಟು ಮರುಗಿ.

ಅವರ ಕಣ್ಣು ಸುಳ್ಳು ಹೇಳಲಿಲ್ಲ. ತಲೆಯ ಗುರುತ್ವಕೇಂದ್ರ ದಂಡದ ಗೆರೆಯ ಮೇಲಿಲ್ಲದ್ದರಿಂದ, ಒಳಸೆಳೆತ ಜೋರಾದಾಗ ಆ ಕೇಂದ್ರ ದಂಡದ ಗೆರೆಗೆ ಬರಲು ಹೊಯ್ದಾಡುತ್ತದೆ. ದಂಡ ಬಾಗುತ್ತದೆ, ತಲೆಯ ಮೂತಿ ನೆಲದತ್ತ ಜೋಲುತ್ತದೆ. ಅಮೆರಿಕದ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ 1938ರಲ್ಲೇ ಮಿಂಚಿನ ದೀಪ ಮಿನುಗಿಸಿ ಡೆನ್ಸ್‌ಮೋರ್ ಶೂಟ್ ಎಂಬ ಆಟಗಾರನ ಹೊಡೆತದಲ್ಲಿ ಉಕ್ಕಿನ ದಂಡ ಬಾಗುವುದನ್ನು ಫೋಟೋ ಹಿಡಿದಿದ್ದರು. ಕ್ಲಬ್ ಮಾಡುವವರು ಈ ಬಾಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ತಲೆಯ ಕೋನ ಇಡುತ್ತಾರೆ.

ಇನ್ನು ಚೆಂಡು. ಅದರ ತೂಕ 45.93 ಗ್ರಾಂ ಮೀರಬಾರದು, ಕ್ಲಬ್ಬಿನ ಜೊತೆ ಅದರ ಸಹವಾಸ ಸುಮಾರು ಅರ್ಧ ಮಿಲಿಸೆಕೆಂಡು. ಅಷ್ಟರೊಳಗೆ ಸೆಕೆಂಡಿಗೆ 75 ಮೀಟರ್ ವೇಗ ಪಡೆಯಬೇಕಾದರೆ ಸರಾಸರಿ 700 ಕೆ.ಜಿ. ತೂಕದಷ್ಟು ಒತ್ತಡ ಬೀಳುತ್ತದೆ. ಚೆಂಡು ಚಪ್ಪಟೆಯಾಗಿ ಮತ್ತೆ ಗುಂಡಗಾಗಿ ಹೋಗಿಬಿಟ್ಟಿರುತ್ತದೆ. ತಾಗಿದ ಸುದ್ದಿ ಕೈಯಿಂದ ಮಿದುಳಿಗೆ ಮುಟ್ಟುವ ಮೊದಲೇ ಈ ವ್ಯವಹಾರ ಮುಗಿದಿರುತ್ತದೆ. ಹಾಗಾದರೆ ಕೋಚುಗಳು ಹೊಡೆದ ಮೇಲೂ ಕೈಯನ್ನು ಹೆಗಲ ಮೇಲಿನವರೆಗೆ ಬೀಸಲು ಹೇಳುವುದೇಕೆ? ಚೆಂಡಿಗೆ ಅದರಿಂದ ನಯಾಪೈಸೆ ಲಾಭವಿಲ್ಲ. ಆದರೆ ಚೆಂಡಿನ ಹತ್ತಿರ ನಿಲ್ಲಿಸಬೇಕೆಂದು ಮನಸ್ಸಿನಲ್ಲಿದ್ದರೆ ಮೈ ಅದಕ್ಕೂ ಮುಂಚೆಯೇ ನಿಲ್ಲಲು ಶುರು ಮಾಡುತ್ತದೆ. ಐದಕ್ಕೆ ಮನೆಗೆ ಹೋಗಬೇಕಾದ ಗುಮಾಸ್ತ ನಾಲ್ಕಕ್ಕೇ ಫೈಲು ಕಟ್ಟುವಂತೆ ಎಂದು ಷಡ್ಡಕರು ತಾವೇ ಅನುಭವದಿಂದ ವಿವರಿಸಿದರು.

ಹಾರುವ ಚೆಂಡೂ ತಿರುಗುತ್ತಲೇ ಹಾರುತ್ತದೆ. ಡ್ರೈವರಿನಿಂದ ಹೊರಟದ್ದು ನಿಮಿಷಕ್ಕೆ 2,500 ಸುತ್ತಿನ ಆಸುಪಾಸು ಹಿಂದಕ್ಕೆ ಉರುಳಿಕೊಂಡು ಮುಂದಕ್ಕೆ ಹೋಗುತ್ತದೆ. ವೆಜ್ ಎಂಬ ಗಿಡ್ಡ ಕ್ಲಬ್ಬಿನಿಂದಾದರೆ 10,000 ಸುತ್ತಿನ ಹತ್ತಿರ. ಉಸ್ತಾದರ ಹಳೆಯ ಲೇತು ತನ್ನ ಜೀವಮಾನದಲ್ಲಿ ಅಂಥ ವೇಗ ಕಂಡಿಲ್ಲ. ಯಾವ ಚಕ್ಕಿನಲ್ಲಿ ಹಿಡಿಯುತ್ತಾರೆ ಎಂದು ಅವರು ಕೇಳಿದರು. ಯಾರೂ ಹಿಡಿಯುವುದಿಲ್ಲ, ಗಾಳಿಯಲ್ಲಿ ಬಿಡುತ್ತಾರೆ ಎಂದಾಗ ಗಲ್ಲ ಬಡಿದುಕೊಂಡರು.

ಈ ಹಿಮ್ಮುಖ ಸುತ್ತೇ ಚೆಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತದೆ ಎಂದು ತೋರಿಸಿದವರು ಎಡಿನ್‌ಬರೊದ ಪ್ರೊಫೆಸರ್ ಪೀಟರ್ ಟೇಟ್, 1890ರ ದಶಕದಲ್ಲಿ. ಅವರು ನನಗೆ ಹತ್ತಿರದವರೆನಿಸಲು ಕಾರಣ ಬೇರೆ. ಅವರ ಮಗ ಫ್ರೆಡ್ಡಿ 1896 ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಚಾಂಪಿಯನ್. ಚೆಂಡು ಇಷ್ಟಕ್ಕಿಂತ ದೂರ ಹೋಗಲಾರದು ಎಂದು ಅಪ್ಪ ಲೆಕ್ಕ ಮಾಡಿ ಹೇಳಿದರೆಂದೂ ಮಗ ಮೈದಾನಕ್ಕೆ ಹೋಗಿ ಅದನ್ನು ಮೀರಿಸಿ ಹೊಡೆದನೆಂದೂ ಗಾಲ್ಫಿನವರು ಕತೆ ಹೇಳುತ್ತಾರೆ. ಕತೆ ನಿಜವೋ ಅಲ್ಲವೋ, ಮಗನಿರುವ ಯಾವ ಮೇಷ್ಟ್ರಿಗೂ ಸಾಕ್ಷಿ ಬೇಕಾಗಿಲ್ಲ. ಫ್ರೆಡ್ಡಿ 1900ರಲ್ಲಿ ಬೋಯರ್ ಯುದ್ಧದಲ್ಲಿ ಸತ್ತ. ಪ್ರೊಫೆಸರರು ಮರುವರ್ಷ ತೀರಿಕೊಂಡರು.

ನಮ್ಮಂಥ ಗಿಯರ್ ಊರಿನವರಿಗೆ ಹಿಡಿಸುವ ಇನ್ನೊಂದು ಸಂಗತಿಯೂ ಇದೆ. ಚೆಂಡು ಡ್ರೈವರಿನ ಮಧ್ಯಕ್ಕೆ ತಾಗದೆ ಮೂತಿಯ ಕಡೆಗೆ ತಾಗಿತೆನ್ನಿ. ತಲೆ ತನ್ನ ಗುರುತ್ವಕೇಂದ್ರದ ಸುತ್ತ ಒಂದಿಷ್ಟು ತಿರುಗುತ್ತದೆ. ಅದಕ್ಕೆ ಒತ್ತಿಕೊಂಡ ಚೆಂಡು, ಹಲ್ಲಿಗೆ ಹಲ್ಲು ಕೂತ ಎರಡನೆಯ ಗಿಯರಿನ ಹಾಗೆ, ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಗಾಲ್ಫಿನಲ್ಲೂ ಇದಕ್ಕೆ ಗಿಯರ್ ಎಫೆಕ್ಟ್ ಎಂದೇ ಹೆಸರು. ಪಕ್ಕಕ್ಕೆ ಹೊರಟ ಚೆಂಡು ಆ ಸುತ್ತಿನಿಂದ ಬಾಗಿ ದಾರಿಗೆ ಮರಳುತ್ತದೆ. ಇದಕ್ಕೆಂದೇ ಡ್ರೈವರಿನ ಮುಖವನ್ನು ಚಪ್ಪಟೆ ಬಿಡದೆ ಸ್ವಲ್ಪ ಉಬ್ಬಿಸಿರುತ್ತಾರೆ. ಉಸ್ತಾದರು ಸ್ಟೀಲ್ ಸ್ಕೇಲನ್ನು ಮುಖದ ಮೇಲಿಟ್ಟು, ಬೆಳಕಿಗೆ ಹಿಡಿದು ಉಬ್ಬನ್ನು ಕಂಡರು. ಮೊದಲ ಸಲ ಆ ವಸ್ತುವಿನ ಬಗ್ಗೆ ಅವರಿಗೆ ಗೌರವ ಬಂತು.

ಇಷ್ಟೆಲ್ಲ ಆದ ಮೇಲೆ ದೂರ ಹೊಡೆಯುವುದೇ ಗಾಲ್ಫ್ ಎಂದುಕೊಂಡರೆ ಅದೂ ಅಲ್ಲ. ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟಿನಲ್ಲಿ, ಟೋಕಿಯೊ ಒಲಿಂಪಿಕ್ಸಿನಲ್ಲಿ, ಒಂದೇ ಒಂದು ಏಟಿನಿಂದ ಕಂಚು ತಪ್ಪಿ ನಾಲ್ಕನೆಯವರಾದರು. ಅವರ ಕ್ಲಬ್ಬುಗಳ ಚೀಲ ಹೊತ್ತಿದ್ದವರು ಅಮ್ಮ ಮಹೇಶ್ವರಿ. ಆ ಶನಿವಾರ ಬೆಳಿಗ್ಗೆ ಬರ್ಡಿ ಎಂದರೆ ಹಕ್ಕಿ ಎಂದುಕೊಂಡಿದ್ದ ಮನೆಗಳಲ್ಲೂ ಟೀವಿ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದರು, ನಮ್ಮ ಮನೆಯಲ್ಲಿ ಇಡ್ಲಿ ಆರಿ ಹೋಯಿತು. ಡ್ರೈವರಿನ ದೂರದಲ್ಲಿ ಅದಿತಿ ಆ ಸ್ಪರ್ಧೆಯ ಕೊನೆಯ ಸಾಲಿನವರು. ಅವರನ್ನು ಮೇಲೆತ್ತಿದ್ದು ಪಟರ್, ಅಂದರೆ ಹಸಿರು ಹಾಸಿನ ಮೇಲೆ ಚೆಂಡನ್ನು ಮೆಲ್ಲಗೆ ತಳ್ಳುವ ಗಿಡ್ಡ ಕೋಲು. ಅಲ್ಲಿ 34 ಕೆ.ಜಿ.ಯ ಒಳಸೆಳೆತವಿಲ್ಲ, ಮಣಿಕಟ್ಟು ಬಿಚ್ಚಿಕೊಳ್ಳುವ ನಾಟಕವಿಲ್ಲ. ಹೆಗಲಿನಿಂದ ತೂಗುವ ಒಂಟಿ ಲೋಲಕ, ಅಷ್ಟೇ.

ಇದನ್ನು ಕೇಳಿದ ಮೇಲೆ ಷಡ್ಡಕರಿಗೆ ಡ್ರೈವರಿನ ಮೇಲಿದ್ದ ಮೋಹ ಪಟರಿಗೆ ದಾಟಿತು. ಉಸ್ತಾದರಿಗಂತೂ ಆ ಸೊಟ್ಟ ತಲೆಯನ್ನು ಸರಿಮಾಡದೆ ನಿದ್ದೆ ಬರುವಂತಿರಲಿಲ್ಲ. ದಂಡವನ್ನು ತೂಕದ ನಟ್ಟನಡುವೆ ಕೂರಿಸಿಕೊಡುತ್ತೇನೆ ಎಂದರು. ಷಡ್ಡಕರು ನಿಯಮದ ಪುಸ್ತಕ ತೆಗೆದು, ಉಳಿದ ಕ್ಲಬ್ಬುಗಳಲ್ಲಿ ದಂಡ ಹಿಮ್ಮಡಿಗೇ ಸೇರಬೇಕು, ಪಟರಿಗೆ ಮಾತ್ರ ಎಲ್ಲಿ ಬೇಕಾದರೂ ಸೇರಿಸಬಹುದು ಎಂದು ಓದಿ ಹೇಳಿದರು. ಅಷ್ಟು ಅನುಮತಿ ಸಾಕಾಯಿತು. ಗುಜರಿಯಿಂದ ಹಿತ್ತಾಳೆಯ ಗಟ್ಟಿ ಬಂತು. ಉಸ್ತಾದರು ಎರಡು ದಿನ ಬೇರೆ ಗಿರಾಕಿಗಳನ್ನು “ಕಲ್ ಆವ್” ಎಂದು ವಾಪಸು ಕಳಿಸಿದರು. ಹಿತ್ತಾಳೆಯ ಇಟ್ಟಿಗೆಯೊಂದು ಕನ್ನಡಿಯ ಹಾಗೆ ಹೊಳೆಯುತ್ತ ಹೊರಬಂತು. ನಡುಮಧ್ಯದಲ್ಲಿ ದಂಡದ ತೂತು. ಡಯಲ್ ಗೇಜ್ ಇಟ್ಟು, ಎಲ್ಲ ಕಡೆಯಿಂದಲೂ ತೊಂಬತ್ತೇ ಡಿಗ್ರಿ, ಮುಳ್ಳು ಅಲುಗಾಡಿದರೆ ಕೇಳಿ ಎಂದರು.

ಷಡ್ಡಕರು ಸಂತೋಷದಿಂದಲೇ ಪುಸ್ತಕದ ಮುಂದಿನ ಪುಟ ತಿರುವಿದರು. ಪಟರಿನ ದಂಡ ನೆಟ್ಟಗಿನ ಗೆರೆಯಿಂದ ಕನಿಷ್ಠ 10 ಡಿಗ್ರಿ ವಾಲಿರಲೇಬೇಕು ಎಂದಿತ್ತು ಅಲ್ಲಿ. ನಾನು ಅದನ್ನು ಆದಷ್ಟು ಮೃದುವಾಗಿ ಉಸ್ತಾದರ ಭಾಷೆಗೆ ತಂದೆ. ಅವರು ಡಯಲ್ ಗೇಜನ್ನು ಒರೆಸಿ ಪೆಟ್ಟಿಗೆಗೆ ಹಾಕಿದರು. ನಲವತ್ತು ವರ್ಷ ತಾನು ಹುಡುಗರಿಗೆ ಕಪಾಳಕ್ಕೆ ಕೊಟ್ಟು ಬಿಡಿಸಿದ್ದನ್ನು ಈ ಸಾಹೇಬರು ಕಾಯಿದೆ ಮಾಡಿ ಕೇಳುತ್ತಿದ್ದಾರಲ್ಲ ಎಂದು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಹಿತ್ತಾಳೆಯನ್ನು ವೈಸಿನಲ್ಲಿ ವಾಲಿಸಿ ಕಟ್ಟುತ್ತ ದರ ಹೇಳಿದರು: ಸೀದಾ ತೂತಿಗೆ ನೂರು ರೂಪಾಯಿ, ಸೊಟ್ಟ ತೂತಿಗೆ ಇನ್ನೂರೈವತ್ತು.